ದಂತಸೇತು: ಉಳಿವೂ ಕ್ಷೇಮವೂ

ಭದ್ರಾವತಿಯ ಹಳೇನಗರಕ್ಕೂ ನ್ಯೂಟೌನಿಗೂ ನಡುವೆ ಭದ್ರಾನದಿ ಹರಿಯುತ್ತದೆ. ಶಿವಮೊಗ್ಗೆಯ ಮಗ್ಗುಲಲ್ಲಿ ತುಂಗೆಯುಂಟು. ಸೇತುವೆಯೆಂದರೇನೆಂಬುದನ್ನು ಈ ಎರಡೂರಿನವರಿಗೆ ವಿವರಿಸಬೇಕಾದುದಿಲ್ಲ. ಹಲ್ಲು ಬಿದ್ದ ಎಡೆಯಲ್ಲಿ ದವಡೆಯ ಎಲುಬಿಗೆ ಲೋಹದ ಬೇರುಗಳನ್ನು ನಾಟಿ, ಅವುಗಳ ಮೇಲೆ ಕೃತಕದಂತಗಳ ಸಾಲನ್ನು ನಿಲ್ಲಿಸುವ ಕ್ರಮಕ್ಕೂ ವೈದ್ಯರು ಅದೇ ಹೆಸರನ್ನಿಟ್ಟಿರುವರು. ಶಿವಮೊಗ್ಗೆಯಲ್ಲಿ ಶರಾವತಿ ದಂತವೈದ್ಯ ಮಹಾವಿದ್ಯಾಲಯವಿರುವುದರಿಂದ ಈ ಮಾತು ಇಲ್ಲಿಗೆ ಹೊಸದಲ್ಲ. ಆದರೆ ಇಂಥ ಸೇತುವೆ ಎಷ್ಟು ವರ್ಷ ಉಳಿಯುವುದೆಂದು ಕೇಳುವವರು, ಉತ್ತರದಲ್ಲಿ ಬರುವ ‘ಉಳಿವು’ ಎಂಬ ಪದದ ಅರ್ಥವನ್ನು ವಿಚಾರಿಸುವುದು ಅಪೂರ್ವ.

ಲೋಹದ ವಿಷಯದಲ್ಲಿ ಸಂದೇಹಕ್ಕೆಡೆಯಿಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯ ನೆರೆಯವರು, ತೇವ ತಗುಲಿದ ಕಬ್ಬಿಣದ ಗತಿಯನ್ನು ಬಲ್ಲರು. ಟೈಟೇನಿಯಮ್ಮಿಗಾದರೋ ಗಾಳಿ ಸೋಕಿದೊಡನೆ ತೆಳುಪೊರೆಯೊಂದು ಕಟ್ಟಿ, ಅದೇ ಕವಚವಾಗುವುದು. ಸ್ವೀಡನ್ನಿನ ಬ್ರಾನೆಮಾರ್ಕರು ೧೯೫೨ರಲ್ಲಿ, ಮೊಲದ ಎಲುಬಿನಲ್ಲಿರಿಸಿದ ಈ ಲೋಹದ ಉಪಕರಣವು ಕಿತ್ತರೂ ಬಾರದಂತೆ ಬೆಸೆದುಕೊಂಡುದನ್ನು ಕಂಡರು. ೧೯೬೫ರಲ್ಲಿ ಗೋಸ್ಟಾ ಲಾರ್ಸನ್ನರ ದವಡೆಗೆ ನಾಟಿದ ಬೇರುಗಳು, ಅವರು ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಕೆಲಸಮಾಡಿದುವು.

ಬೇರು ನಿಂತಿತೆಂದ ಮಾತ್ರಕ್ಕೆ ಸೇತುವೆ ನಿಂತಂತಾಗಲಿಲ್ಲ. ಪ್ಯೆತುರ್ಸನ್ ಮೊದಲಾದವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹತ್ತು ವರ್ಷಗಳ ತರುವಾಯ ಬೇರುಗಳಲ್ಲಿ ನೂರಕ್ಕೆ ೯೩.೧ ಉಳಿದರೆ, ಸೇತುವೆಗಳಲ್ಲಿ ಉಳಿದುವು ೮೦.೧. ಚಿನ್ನಕ್ಕೆ ಅಕ್ರಿಲಿಕ್ ಹೊದಿಸಿದ ಹಳೆಯ ಮಾದರಿಗಳೂ ಇದರಲ್ಲಿ ಸೇರಿವೆ. ಲೋಹಕ್ಕೆ ಪಿಂಗಾಣಿ ಹೊದಿಸಿದವನ್ನಷ್ಟೇ ಎಣಿಸಿದರೆ ೯೩.೯. ಇಷ್ಟಾದರೂ ಮೊದಲ ಐದು ವರ್ಷಗಳೊಳಗೆ ನೂರಕ್ಕೆ ೩೩.೬ ರೋಗಿಗಳಿಗೆ ಏನಾದರೊಂದು ತೊಡಕು ಒದಗಿತು. ಹೊದಿಕೆ ಒಡೆದ, ತಿರುಪು ಸಡಿಲಿದ, ಒಸಡು ಬಾತ ಸೇತುವೆಯೂ ಬಾಯಲ್ಲಿರುವವರೆಗೆ ‘ಉಳಿದ’ ಲೆಕ್ಕಕ್ಕೇ ಸೇರುವುದು!

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮವೆಂದು ಭಾಷ್ಯಕಾರರು ಬಿಡಿಸಿಹೇಳುವರಷ್ಟೆ. ಮೇಲಣ ಅಂಕಿಗಳಲ್ಲಿ ಉಳಿವಿನದೊಂದು, ಕ್ಷೇಮದ್ದೊಂದು. ಚಿಕಿತ್ಸೆಗೆ ಮುನ್ನ ಎರಡನ್ನೂ ಕೇಳಿ ತಿಳಿಯುವುದು ಯುಕ್ತ.

ತೊಡಕಿಗೆ ಕಾರಣವುಂಟು. ಹುಟ್ಟುಹಲ್ಲು ನಾರುಗಳ ತೊಟ್ಟಿಲಲ್ಲಿ ತೂಗಿದ್ದು, ಕಲ್ಲು ಸಿಕ್ಕಿದೊಡನೆ ದವಡೆಯನ್ನು ತಡೆಯುವುದು. ನಾಟಿದ ಬೇರಿಗೆ ಆ ತೊಟ್ಟಿಲಿಲ್ಲ. ಭಾರವನ್ನು ಅದು ಮಂದವಾಗಿ ಅರಿಯುವುದು. ಅಡಕೆಯ ತೋಟಗಳ ಈ ಸೀಮೆಯಲ್ಲಿ ಗಟ್ಟಿ ಅಡಕೆ ಜಗಿಯುವವರಿಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಶತ್ರು ಮೆಲ್ಲಗೆ ಬರುವುದು: ಬೇರಿನ ಸುತ್ತ ಮಲ ಕಟ್ಟಿ, ಒಸಡು ಕೆಂಪಾಗಿ, ಎಲುಬು ಕರಗುವುದು. ಧೂಮಪಾನಿಗಳಲ್ಲಿಯೂ ಮೊದಲೇ ವಸಡಿನ ರೋಗವಿದ್ದವರಲ್ಲಿಯೂ ಹತೋಟಿಯಿಲ್ಲದ ಮಧುಮೇಹಿಗಳಲ್ಲಿಯೂ ಈ ಭಯ ಹೆಚ್ಚು. ನೋವು ಬಹುಕಾಲ ತೋರದಿರುವುದರಿಂದ ನಿಯತವಾದ ಪರೀಕ್ಷೆಯ ಹೊರತು ಉಪಾಯಾಂತರವಿಲ್ಲ.

ಅಂಟಿನಿಂದ ಕೂರಿಸಿದ ಸೇತುವೆಗಿಂತ ತಿರುಪಿನದನ್ನು ಬಿಚ್ಚಿ ಸರಿಪಡಿಸುವುದು ಸುಲಭ. ಉಳಿದುಹೋದ ಅಂಟು ಒಸಡಿಗೂ ಕೇಡು. ಒಂದು ತಯಾರಕರ ತಿರುಪು ಮತ್ತೊಬ್ಬರದಕ್ಕೆ ಹೊಂದುವುದೆಂಬ ಭರವಸೆಯಿಲ್ಲವಾಗಿ, ಬೇರಿನ ಹೆಸರು, ಅಳತೆ, ನಾಟಿದ ದಿನ ಇವುಗಳನ್ನು ಬರೆದ ಚೀಟಿಯನ್ನು ವೈದ್ಯರಿಂದ ಪಡೆದಿಟ್ಟವರಿಗೆ, ಹತ್ತು ವರ್ಷಗಳಾಚೆ ಬೇರೆ ಊರಿನಲ್ಲಿ ತಿರುಪು ಸಡಿಲಿದರೂ ಸರಿಯಾದ ಭಾಗವನ್ನು ತರಿಸಿಕೊಳ್ಳುವುದು ಸಾಧ್ಯ.