ಹಿಂದಿನ ಸೀಟಿನಲ್ಲಿ ಕೂತೇ ಕಾರು ಓಡಿಸಿದ ಹೀರೋ!

ಸಿನಿಮಾ ನೋಡುವ ನಮ್ಮ ಹುಡುಗರಿಗೆ ಒಂದು ಲೆಕ್ಕ ಬಾಯಿಪಾಠ. ಹೀರೋ ಬುಲೆಟ್ ಮೇಲೆ ಬರ್ತಾನೆ, ಇಲ್ಲವೇ ಜೀಪು ಓಡಿಸ್ತಾ ಬರ್ತಾನೆ. ಕಾರಿನ ಹಿಂದಿನ ಸೀಟು? ಅದು ಖಳನಾಯಕನ ಆಸ್ತಿ! ಕಾಂಟೆಸಾ ಬಂದು ನಿಲ್ಲಬೇಕು, ಡ್ರೈವರ್ ಓಡಿ ಬಂದು ಬಾಗಿಲು ತೆಗೀಬೇಕು. ಮೊದಲು ಬಿಳೀ ಬೂಟು, ಆಮೇಲೆ ಸಿಗಾರಿನ ಹೊಗೆ, ಕಡೆಗೆ ಸಾಹೇಬ್ರು! ಗಾಂಧಿನಗರದ ಟಾಕೀಸುಗಳಲ್ಲಿ ಇದನ್ನ ಎಷ್ಟು ಸಲ ನೋಡಿಲ್ಲ ನಾವು?

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು 1997ರ ಡಿಸೆಂಬರಿನಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ ‘ಟುಮಾರೋ ನೆವರ್ ಡೈಸ್’. ಜರ್ಮನಿಯ ಹ್ಯಾಂಬರ್ಗ್ ನಗರ, ಬಹುಮಹಡಿ ಪಾರ್ಕಿಂಗ್ ಕಟ್ಟಡ, ಸುತ್ತಲೂ ಗುಂಡಿನ ಸುರಿಮಳೆ. ನಮ್ಮ ಪಿಯರ್ಸ್ ಬ್ರಾಸ್ನನ್ ನುಗ್ಗೋದು ಎಲ್ಲಿಗೆ? ಹಿಂದಿನ ಸೀಟಿಗೆ! ಮುಂದೆ ಸ್ಟೇರಿಂಗ್ ಹತ್ತಿರ ನರಪಿಳ್ಳೆಯೂ ಇಲ್ಲ. ಕೈಯಲ್ಲೊಂದು ಮೊಬೈಲ್ ಫೋನು. ಅದರ ಮೇಲೆ ಬೆರಳಾಡಿಸಿದ ಹಾಗೆಲ್ಲ ಕಾರು ತಿರುಗುತ್ತೆ, ರಾಕೆಟ್ ಹಾರಿಸುತ್ತೆ, ಮೊಳೆ ಚೆಲ್ಲುತ್ತೆ. ತೂತಾದ ಟೈರಿಗೆ ತಾನೇ ಗಾಳಿ ತುಂಬಿಕೊಳ್ಳುತ್ತೆ! ಕಡೆಗೆ ಬಾಂಡ್ ಇಳಿದುಬಿಡ್ತಾನೆ. ಕಾರು ಮಹಡಿಯಿಂದ ಹಾರಿ ಎದುರಿನ ಬಾಡಿಗೆ ಕಾರಿನ ಅಂಗಡಿಯೊಳಗೆ ಹೋಗಿ ಬೀಳುತ್ತೆ. ಶಿಳ್ಳೆ ಹೊಡೆಯದವನು ಯಾವನು?

ಒಂದು ಗೇಣೂ ಅಲ್ಲ!

ತೆರೆಯ ಮೇಲೆ ಆ ಕಾರಿನ ಹೆಸರು ಬಿಎಂಡಬ್ಲ್ಯು 750 ಐಎಲ್. ಕೊನೆಯ ಆ ‘ಎಲ್’ ಅಕ್ಷರದಲ್ಲೇ ಇದೆ ಗುಟ್ಟು. ಎಲ್ ಅಂದ್ರೆ ಉದ್ದ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರಕ್ಕೆ ವೀಲ್‌ಬೇಸ್ ಅಂತಾರೆ. 1994ರಲ್ಲಿ ಬಂದ ಈ ತಲೆಮಾರಿನ ಸಾಧಾರಣ ಕಾರಿನಲ್ಲಿ ಅದು 2.93 ಮೀಟರ್, ‘ಎಲ್’ ಕಾರಿನಲ್ಲಿ 3.07 ಮೀಟರ್. ವ್ಯತ್ಯಾಸ ಬರೀ 14 ಸೆಂಟಿಮೀಟರ್. ಒಂದು ಗೇಣೂ ಅಲ್ಲ! ಆದರೆ ಅಷ್ಟನ್ನೂ ಹಿಂದೆ ಕೂರುವವರು ಕಾಲು ಚಾಚಲಿ ಅಂತಲೇ ಇಟ್ಟಿದ್ದು. ನಮ್ಮ ಅಂಬಾಸಿಡರ್ ಜತೆ ಹೋಲಿಸಿ ನೋಡಿ. ಅದರ ವೀಲ್‌ಬೇಸ್ ಎರಡೂವರೆ ಮೀಟರಿಗೂ ಒಂದಿಷ್ಟು ಕಮ್ಮಿ.

ಹಾಗಂತ ಇದು ಮದುವೆ ದಿಬ್ಬಣದ ನಿಧಾನದ ತೇರೂ ಅಲ್ಲ. 750ರ ಹೊಟ್ಟೆಯೊಳಗೆ 12 ಸಿಲಿಂಡರ್, 5.4 ಲೀಟರ್ ಇಂಜಿನ್, 326 ಅಶ್ವಶಕ್ತಿ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಏಳು ಸೆಕೆಂಡೂ ಬೇಡ. 250ಕ್ಕೆ ಹೋದ ಮೇಲೆ ಕಂಪನಿಯವರೇ ಮೂಗುದಾರ ಹಾಕಿಟ್ಟಿದ್ದರು. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ತಯಾರಾದ ಮೊದಲ 12 ಸಿಲಿಂಡರಿನ ಕಾರು ಇದೇ 750ರ ಹಿಂದಿನ ತಲೆಮಾರಿನದು, 1987ರಲ್ಲಿ. ಮರ್ಸಿಡಿಸ್‌ನವರು ಸುಮ್ಮನಿರ್ತಾರಾ? 1991ರಲ್ಲಿ ಆರು ಲೀಟರಿನ 12 ಸಿಲಿಂಡರ್ ಹಾಕಿ 600 ಎಸ್‌ಇಎಲ್ ಬಿಟ್ಟರು. ಆ ದಶಕವಿಡೀ ಇಬ್ಬರದೂ ಟಗರು ಕಾಳಗ!

ಕಾಣದ ಕೈ

ಈಗ ಚಿತ್ರರಸಿಕರಿಗೆ ಒಳಗಿನ ಸುದ್ದಿ. ಬಾಂಡ್ ಚಿತ್ರಕ್ಕಾಗಿ ಒಂದು ಡಜನಿಗೂ ಹೆಚ್ಚು ಕಾರು ಬಳಸಿದರು. ಹಿಂದೆ ಅಂಟಿಸಿದ್ದು 750ರ ಹೆಸರು, ಅಸಲಿಗೆ ಅವು ಎಂಟು ಸಿಲಿಂಡರಿನ 740 ಐಎಲ್! ಹ್ಯಾಂಬರ್ಗ್ ಪಾರ್ಕಿಂಗ್ ಅಂತ ನಾವು ಬಾಯಿಬಿಟ್ಟು ನೋಡಿದ್ದು ಲಂಡನ್ನಿನ ಬ್ರೆಂಟ್ ಕ್ರಾಸ್ ಎಂಬಲ್ಲಿಯ ಪಾರ್ಕಿಂಗು.

ಎಲ್ಲಕ್ಕಿಂತ ಮಜಾ ಇನ್ನೊಂದಿದೆ. ಕಾರು ಫೋನಿನಿಂದ ಓಡಲೇ ಇಲ್ಲ ಗುರುವೇ! ಹಿಂಬದಿಯಲ್ಲಿ, ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ, ಸ್ಟಂಟ್ ಡ್ರೈವರೊಬ್ಬ ಹುದುಗಿಕೊಂಡಿದ್ದ. ಅವನ ಕೈಗೆ ಅಲ್ಲೇ ಒಂದು ಸ್ಟೇರಿಂಗ್ ಕೂರಿಸಿದ್ದರು. ಮುಂದಿನ ದಾರಿಯನ್ನು ಪುಟ್ಟ ಟಿವಿ ಪರದೆಯಲ್ಲಿ ನೋಡುತ್ತಾ ಅಷ್ಟುದ್ದದ ಕಾರನ್ನು ಕಂಬಗಳ ನಡುವೆ ಓಡಿಸಿದ ಭೂಪ! ಧಣಿಗಳು ಕಾಲು ಚಾಚಲಿ ಅಂತ ಮಾಡಿಟ್ಟ ಜಾಗ ಕಡೆಗೆ ಉಪಯೋಗಕ್ಕೆ ಬಂದದ್ದು ಡ್ರೈವರಿಗೆ. ಚಪ್ಪಾಳೆ ಮಾತ್ರ ಬಾಂಡ್‌ಗೆ.

ಬಳ್ಳಾರಿ ರಸ್ತೆಯ ಬಾಂಡ್‌ಗಳು

ನಮ್ಮೂರಿಗೆ ಬರೋಣ. ಚೆನ್ನೈ ಬಳಿ ಬಿಎಂಡಬ್ಲ್ಯು ಕಾರ್ಖಾನೆ ಶುರುವಾದದ್ದು 2007ರಲ್ಲಿ. ತೊಂಬತ್ತರ ದಶಕದಲ್ಲಿ ಇಂಥ ಕಾರು ಬೇಕಂದ್ರೆ ಸುಂಕ ಕಟ್ಟಿ ಹಡಗಿನಲ್ಲೇ ತರಿಸಬೇಕಿತ್ತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು ನೋಡಿ, ಮೇಖ್ರಿ ಸರ್ಕಲ್, ಹೆಬ್ಬಾಳ, ಯಲಹಂಕದ ದಾರಿಯಲ್ಲಿ ಉದ್ದನೆ ಕಾರುಗಳ ಮೆರವಣಿಗೆ! ಹೆಬ್ಬಾಳದ ಜಾಮಿನಲ್ಲಿ 12 ಸಿಲಿಂಡರೂ ಒಂದೇ, ಸಿಟಿ ಬಸ್ಸೂ ಒಂದೇ. ಅದು ಬೇರೆ ಮಾತು ಬಿಡಿ.

ಆ ಸ್ಟೇರಿಂಗ್ ಹಿಂದೆ ಇರೋದು ಹೆಚ್ಚಾಗಿ ನಮ್ಮ ನಿಮ್ಮಂಥ ಮನೆಯ ಹುಡುಗರೇ. ಅವರಿಗೊಂದು ಆಸೆ ಇರುತ್ತೆ: ತೊಂಬತ್ತರ ಹಳೇ ಹುಲಿಯೊಂದು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕರೆ? ಸ್ವಲ್ಪ ತಡೀರಿ! ಇದಕ್ಕೆ ಪೇಟೆಯೊಳಗೆ ಲೀಟರಿಗೆ ಐದಾರು ಕಿಲೋಮೀಟರ್ ಸಿಕ್ಕರೆ ಪುಣ್ಯ. 1987ರ ಆ 12 ಸಿಲಿಂಡರ್ ಇಂಜಿನ್ ಅಂದ್ರೆ ಆರಾರು ಸಿಲಿಂಡರಿನ ಎರಡು ಇಂಜಿನ್ ಜೋಡಿಸಿದ ಹಾಗೆ, ಎರಡು ಬದಿಗೂ ಬೇರೆ ಬೇರೆ ಕಂಪ್ಯೂಟರ್ ಪೆಟ್ಟಿಗೆ. ಕೆಟ್ಟರೆ ಖರ್ಚೂ ಎರಡರಷ್ಟು. ಸಾಲದ್ದಕ್ಕೆ ಸರ್ಕಾರದ ಲೆಕ್ಕ ಬೇರೆ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಏರಿಸಿದ ದರದಂತೆ 20 ವರ್ಷ ದಾಟಿದ ದೇಶಿ ಕಾರಿಗೆ ಶುಲ್ಕ 10,000 ರೂಪಾಯಿ, ಹೊರದೇಶದ ಕಾರಿಗೆ 80,000! ಕೆಎ-04ರ ಯಶವಂತಪುರವಾಗಲಿ, ಕೆಎ-50ರ ಯಲಹಂಕವಾಗಲಿ, ಆರ್‌ಟಿಓ ಕೌಂಟರಿನಲ್ಲಿ ಬಾಂಡ್ ಹೆಸರು ಹೇಳಿದರೆ ಬಿಡೋದಿಲ್ಲ.

ಕತ್ತರಿಯಿಂದ ಮೇಬ್ಯಾಕ್‌ಗೆ

ಹಾಗಾದ್ರೆ ಕನಸು ಕಾಣೋದೇ ತಪ್ಪಾ? ಯಾರು ಹೇಳಿದ್ದು! ಬೆಂಗಳೂರಿನ ಕ್ಷೌರಿಕ ರಮೇಶ್ ಬಾಬು ಅವರ ಕಥೆ ಕೇಳಿದ್ದೀರಲ್ಲ? ಅಪ್ಪನಿಂದ ಬಂದ ಕಟಿಂಗ್ ಶಾಪು. ತೊಂಬತ್ತರ ದಶಕದ ಮೊದಲರ್ಧದಲ್ಲಿ ಕೊಂಡದ್ದು ಒಂದು ಮಾರುತಿ ಓಮ್ನಿ, 796 ಸಿಸಿ, ಮೂರೇ ಸಿಲಿಂಡರ್. ಅದನ್ನು ಬಾಡಿಗೆಗೆ ಬಿಟ್ಟರು. ಒಂದರಿಂದ ಎರಡು, ಎರಡರಿಂದ ಹತ್ತು. 2011ರಲ್ಲಿ ರೋಲ್ಸ್ ರಾಯ್ಸ್ ಘೋಸ್ಟ್! 2017ರಲ್ಲಿ ಮರ್ಸಿಡಿಸ್ ಮೇಬ್ಯಾಕ್ ಎಸ್ 600! ಅದರಲ್ಲೂ ಅದೇ 12 ಸಿಲಿಂಡರ್, ವೀಲ್‌ಬೇಸ್ ಮಾತ್ರ ಬಾಂಡ್ ಕಾರನ್ನೂ ಮೀರಿಸಿ 3.36 ಮೀಟರ್. ರೋಲ್ಸ್ ರಾಯ್ಸ್ ಬಂದ ಮೇಲೂ ಅವರು ಕತ್ತರಿ ಕೆಳಗಿಡಲಿಲ್ಲ. ಉದ್ದದ ಕಾರು ಅವರಿಗೆ ಶೋಕಿಯಾಗಲಿಲ್ಲ, ದುಡಿಮೆಯಾಯಿತು.

ಹೆಬ್ಬಾಳ ಫ್ಲೈಓವರ್ ಮೇಲೆ ಅಂಥದ್ದೊಂದು ಉದ್ದನೆ ಕಾರು ನಿಮ್ಮ ಬಸ್ಸಿನ ಪಕ್ಕಕ್ಕೆ ಬಂದರೆ ಹಿಂದಿನ ಸೀಟಿನ ಕಡೆ ಕತ್ತು ಉದ್ದ ಮಾಡಬೇಡಿ. ಮುಂದೆ ನೋಡಿ, ಮುಂದೆ! ಮೂರು ಮೀಟರ್ ದಾಟಿದ ವೀಲ್‌ಬೇಸನ್ನು ಆಟೋಗಳ ಸಂದಿಯಲ್ಲಿ ಗೀರು ಬೀಳದ ಹಾಗೆ ನುಸುಳಿಸುತ್ತಿರುವವನು ಅವನು. ನಾಳೆ ಅವನೇ ನಾಲ್ಕು ಕಾರಿನ ಧಣಿಯಾದರೆ ಆಶ್ಚರ್ಯವೇನಿಲ್ಲ... ಏನಂತೀರಿ?