ಬರೀ ಬಟನ್ ಒತ್ತೋದಾ? ಒಂದು ಬೀಟ್ ನೈಟ್ ಒಳಗೆ ನಡೆಯೋದೇನು

ಹೋದ ತಿಂಗಳು ಪುಣೆಯಲ್ಲಿ ನನ್ನ ಟೀಮ್‌ನ ಗೆಳೆಯನೊಬ್ಬನನ್ನ ಬೀಟ್ ನೈಟ್‌ಗೆ ಕರ್ಕೊಂಡು ಹೋಗಿದ್ದೆ. ಧಾರವಾಡದ ಹುಡುಗ, ಸಂಗೀತದ ಮನೆ. ಅರ್ಧ ಗಂಟೆ ಕೈಕಟ್ಟಿ ನಿಂತು ನೋಡಿದ. ಆಮೇಲೆ ಕಿವಿ ಹತ್ರ ಬಂದು ಕೂಗಿದ: "ಹಾಡೋರು ಯಾವಾಗ ಬರ್ತಾರಲೇ?" ಯಾರೂ ಬರಲ್ಲ ಮಾರಾಯ ಅಂದೆ. "ಮತ್ತ ಇವಾ ಏನ್ ಮಾಡಾಕತ್ತಾನ? ಬರೇ ಬಟನ್ ಒತ್ತತಾನಲ್ಲ!"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಲ್ಲಿ ಗದ್ದಲದಲ್ಲಿ ಉತ್ತರ ಕೊಡೋಕೆ ಆಗಲಿಲ್ಲ, ಇಲ್ಲಿ ಕೊಡ್ತೀನಿ.

ಮೊದಲು ಡಿಜೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ಅಪಾರ್ಟ್‌ಮೆಂಟಿನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಸ್ಕೂಲ್ ಬಟ್ಟೆಗೆ ದುಡ್ಡು ಹೊಂದಿಸೋಕೆ ಒಂದು ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಕೂಲ್ ಹರ್ಕ್. ಹಿಪ್-ಹಾಪ್ ಹುಟ್ಟಿದ ದಿನ ಅಂತ ಇದನ್ನೇ ಲೆಕ್ಕ ಹಿಡೀತಾರೆ. ಹಾಡಿನ ಮಧ್ಯೆ ಎಲ್ಲ ವಾದ್ಯ ನಿಂತು ಬರೀ ಡ್ರಮ್ ಬಾರಿಸೋ ಜಾಗ ಬಂದಾಗ ಜನ ಜಾಸ್ತಿ ಕುಣೀತಾರೆ ಅನ್ನೋದನ್ನ ಹರ್ಕ್ ಗಮನಿಸಿದ್ದ. ಆದರೆ ಆ ತುಣುಕು ಇರೋದೇ ಕೆಲವು ಸೆಕೆಂಡ್. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದು ಮುಗಿಯುವಾಗ ಇನ್ನೊಂದನ್ನ ಶುರು ಮಾಡಿ ಆ ತುಣುಕನ್ನ ನಿಮಿಷಗಟ್ಟಲೆ ಎಳೆದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೈಯಲ್ಲಿ ಬರೆದ ಫಾರ್ ಲೂಪ್. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅದನ್ನ ತಾಳ ತಪ್ಪದ ಹಾಗೆ ಕರಾರುವಾಕ್ಕು ಮಾಡಿದ. ತಟ್ಟೆಯನ್ನ ಬೆರಳಲ್ಲಿ ಹಿಂದೆ-ಮುಂದೆ ಉಜ್ಜೋ ಸ್ಕ್ರ್ಯಾಚ್ ಬಂದಿದ್ದು ಗ್ರ್ಯಾಂಡ್ ವಿಜಾರ್ಡ್ ಥಿಯೊಡೋರ್‌ನಿಂದ.

ಆಮೇಲೆ ಮಷೀನ್ ಬಂತು. ಇದು ನಮ್ಮಂಥ ಇಂಜಿನಿಯರ್‌ಗಳಿಗೆ ತುಂಬಾ ಇಷ್ಟ ಆಗೋ ಕತೆ. 1987ರಲ್ಲಿ ಇ-ಮ್ಯು ಕಂಪನಿಯ ಎಸ್‌ಪಿ-1200 ಬಂತು. 12 ಬಿಟ್, ಒಟ್ಟು ಸ್ಯಾಂಪಲ್ ಮೆಮೊರಿ ಸುಮಾರು 10 ಸೆಕೆಂಡ್! ನಿಮಿಷಕ್ಕೆ 90 ಬೀಟ್ ವೇಗದಲ್ಲಿ ನಾಲ್ಕು ಎಣಿಕೆಯ ಒಂದು ಸುತ್ತಿಗೆ ಎರಡೂ ಮುಕ್ಕಾಲು ಸೆಕೆಂಡ್‌ಗೆ ಸ್ವಲ್ಪ ಕಮ್ಮಿ ಬೇಕು. ಅಂದ್ರೆ ನಾಲ್ಕು ಸುತ್ತೂ ಪೂರ್ತಿ ಹಿಡಿಯಲ್ಲ. ಏನು ಮಾಡಿದ್ರು ಗೊತ್ತಾ? 33ರ ವೇಗದ ರೆಕಾರ್ಡನ್ನ 45ರ ವೇಗದಲ್ಲಿ ಓಡಿಸಿ ಮಷೀನಿಗೆ ತುಂಬಿದ್ರು, ಒಳಗೆ ಹೋದ ಮೇಲೆ ಪಿಚ್ ಇಳಿಸಿದ್ರು. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರು ಸೆಕೆಂಡ್ ಮೇಲಿನ ಸಂಗೀತ. ಶುದ್ಧ ಕಂಪ್ರೆಶನ್! ಇದರಿಂದ ದನಿ ಸ್ವಲ್ಪ ಒರಟಾಯ್ತು, ಜಲ್ಲಿ ಸುರಿದ ಹಾಗೆ. ಆ ಒರಟುತನವೇ ಆ ಕಾಲದ ಹಿಪ್-ಹಾಪ್‌ನ ಬಣ್ಣ ಆಯ್ತು. ಈಗ ಮೆಮೊರಿಗೆ ಬರ ಇಲ್ಲ, ಆದ್ರೂ ಜನ ದುಡ್ಡು ಕೊಟ್ಟು ಅದೇ ಒರಟು ದನಿಯ ಪ್ಲಗಿನ್ ಕೊಂಡ್ಕೋತಾರೆ.

ಇಲ್ಲಿ ತನಕ ಬೀಟ್ ಅಂದ್ರೆ ಹಾಡೋನ ಹಿಂದಿನ ಹಾಸು. ಬೀಟ್ ಮಾಡೋನು ಮನೆಯಲ್ಲೇ ಇರ್ತಿದ್ದ. ಮುಂಬೈ ಗೆಳೆಯರಿಗೆ 2015ರ 'ಮೇರೆ ಗಲ್ಲಿ ಮೆ' ಹಾಡು ಗೊತ್ತೇ ಇರತ್ತೆ. ಡಿವೈನ್, ನೇಜಿ ಹೆಸರು ಎಲ್ಲರ ಬಾಯಲ್ಲಿದೆ. ಅದರ ಬೀಟ್ ಕಟ್ಟಿದ ಸೆಜ್ ಆನ್ ದ ಬೀಟ್ ಹೆಸರು ಎಷ್ಟು ಜನಕ್ಕೆ ಗೊತ್ತು? ಬೀಟ್ ನೈಟ್ ಅನ್ನೋದು ಈ ಹಿಂದಿನ ಸಾಲಿನವರನ್ನ ಮುಂದಕ್ಕೆ ತಂದು ನಿಲ್ಲಿಸಿದ ಏರ್ಪಾಡು.

ಅದಕ್ಕೆ ದೊಡ್ಡ ಉದಾಹರಣೆ ಲಾಸ್ ಏಂಜಲೀಸಿನ 'ಲೋ ಎಂಡ್ ಥಿಯರಿ'. 2006ರಲ್ಲಿ ಡ್ಯಾಡಿ ಕೆವ್ ಶುರು ಮಾಡಿದ್ದು. ಲಿಂಕನ್ ಹೈಟ್ಸ್ ಅನ್ನೋ ಬಡಾವಣೆಯಲ್ಲಿ 'ದಿ ಏರ್‌ಲೈನರ್' ಅನ್ನೋ ಚಿಕ್ಕ ಬಾರು. ವಾರಾಂತ್ಯ ಅಲ್ಲ, ಪ್ರತಿ ಬುಧವಾರ ರಾತ್ರಿ. ಡಿಜೆ ನೋಬಡಿ, ಸ್ಕ್ರ್ಯಾಚ್‌ನಲ್ಲಿ ಪಳಗಿದ ಡಿ-ಸ್ಟೈಲ್ಸ್ ಕಾಯಂ ಡಿಜೆಗಳು, ಮೈಕ್ ಹಿಡಿದು ನಡೆಸಿಕೊಡೋಕೆ ನೋಕಾಂಡೊ. ಹೊಸ ಹುಡುಗರು ಆ ವಾರ ಮಾಡಿದ, ಇನ್ನೂ ಹಸಿಹಸಿಯಾದ ಬೀಟ್ ತಂದು ದೊಡ್ಡ ಸ್ಪೀಕರಿನಲ್ಲಿ ಹಾಕಬಹುದಿತ್ತು. ಕೇಳೋರಲ್ಲಿ ಅವರ ಹಾಗೇ ಬೀಟ್ ಮಾಡೋರು ತುಂಬಿರ್ತಿದ್ರು. ಕೋಡ್ ರಿವ್ಯೂ ಅಂತಾನೇ ಅಂದ್ಕೊಳ್ಳಿ, ಆದ್ರೆ ರಿವ್ಯೂ ಮಾಡೋರು ಬಾಯಿ ಬಿಡಲ್ಲ. ತಲೆ ಆಡಿದ್ರೆ ಪಾಸ್, ಬಾರ್ ಕೌಂಟರ್ ಕಡೆ ನಡೆದ್ರೆ ಫೇಲ್.

ಫ್ಲೈಯಿಂಗ್ ಲೋಟಸ್ ಬೆಳೆದಿದ್ದು ಈ ವಲಯದಲ್ಲೇ. 2008ರಲ್ಲಿ 'ಲಾಸ್ ಏಂಜಲೀಸ್' ಆಲ್ಬಮ್ ತಂದ. (ಒಂದು ಅಡ್ಡಮಾತು: ಇವನ ಅಜ್ಜಿಯ ಅಕ್ಕ ಜಾಝ್ ಕಲಾವಿದೆ ಆಲಿಸ್ ಕೋಲ್ಟ್ರೇನ್. ಸನ್ಯಾಸ ತಗೊಂಡು ತುರೀಯಸಂಗೀತಾನಂದ ಆಗಿ, ಕ್ಯಾಲಿಫೋರ್ನಿಯಾದಲ್ಲಿ ಸಾಯಿ ಅನಂತಂ ಆಶ್ರಮ ಕಟ್ಟಿ ಭಜನೆ ಹಾಡ್ತಿದ್ರು. ಆ ಭಜನೆ ಕೇಳಿ ಬೆಳೆದ ಹುಡುಗ ಅವನು.) ರೇಡಿಯೊಹೆಡ್‌ನ ಥಾಮ್ ಯಾರ್ಕ್ 2011ರಲ್ಲಿ ಅದೇ ಚಿಕ್ಕ ಬಾರಿಗೆ ಬಂದು ರೆಕಾರ್ಡ್ ಹಾಕಿದ. 2018ರ ಆಗಸ್ಟ್‌ನಲ್ಲಿ ಲೋ ಎಂಡ್ ಥಿಯರಿ ಮುಚ್ಚಿತು. ಸುಮಾರು ಹನ್ನೆರಡು ವರ್ಷದ ಬುಧವಾರಗಳು!

ಈ ಬೀಟ್‌ಗಳಲ್ಲಿ ಹಾಡುಗಾರ ಇಲ್ಲ ಅಂದ ಮೇಲೆ ಕೇಳೋಕೆ ಏನಿದೆ? ಮುಖ್ಯವಾಗಿ ಲಯ. ಡೆಟ್ರಾಯಿಟಿನ ಜೆ ಡಿಲ್ಲಾ ಮಷೀನಿನ 'ತಾಳ ಸರಿಮಾಡು' ಸೌಲಭ್ಯವನ್ನ ಬಿಟ್ಟು ಬೆರಳಲ್ಲೇ ಬಾರಿಸ್ತಿದ್ದ. ಒಂದು ಪೆಟ್ಟು ಕೂದಲೆಳೆ ಮುಂಚೆ, ಇನ್ನೊಂದು ಕೂದಲೆಳೆ ತಡ. ಇಲ್ಲಿ ನನ್ನ ಧಾರವಾಡದ ಗೆಳೆಯನ ಕಿವಿ ನೆಟ್ಟಗಾಯ್ತು. ಅವನ ಮನೆಯಲ್ಲಿ ಸಮಕ್ಕೆ ಬರೋದು, ಸಮ ತಪ್ಪಿಸಿ ಆಟ ಆಡಿಸೋದು ದಿನದ ಮಾತು. ಕರ್ನಾಟಕ ಸಂಗೀತದ ಅತೀತ, ಅನಾಗತ ನೆನಪಿಸಿಕೊಳ್ಳಿ. ವ್ಯತ್ಯಾಸ ಏನಂದ್ರೆ ಅಲ್ಲಿ ಅದಕ್ಕೆ ಲೆಕ್ಕ ಇದೆ, ಡಿಲ್ಲಾ ಮಾಡಿದ್ದು ಲೆಕ್ಕಕ್ಕೆ ಸಿಗದಷ್ಟು ಸಣ್ಣ ಜಾರುವಿಕೆ. ತನ್ನ 32ನೇ ಹುಟ್ಟುಹಬ್ಬದ ದಿನ, 2006ರ ಫೆಬ್ರುವರಿ 7ಕ್ಕೆ 'ಡೋನಟ್ಸ್' ಆಲ್ಬಮ್ ಬಿಡುಗಡೆ ಆಯ್ತು, ಮೂರು ದಿನಕ್ಕೆ ತೀರಿಕೊಂಡ. ಅವನ ಮಷೀನ್ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ನನಗೆ ಕಸಿವಿಸಿ ಆಗೋ ವಿಷಯಕ್ಕೂ ಬರಲೇಬೇಕು. ಸ್ಯಾಂಪಲ್ ಅಂದ್ರೆ ಬೇರೆಯವರು ಬಾರಿಸಿದ್ದು. ಜೇಮ್ಸ್ ಬ್ರೌನ್‌ನ 'ಫಂಕಿ ಡ್ರಮ್ಮರ್' ಹಾಡಿನ ಡ್ರಮ್ ತುಣುಕು ಲೆಕ್ಕವಿಲ್ಲದಷ್ಟು ಹಿಪ್-ಹಾಪ್ ಹಾಡಲ್ಲಿದೆ. ಬಾರಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡಿನ ಕರ್ತೃ ಅಂತ ಹೆಸರಿಲ್ಲದ್ದರಿಂದ ಆ ಸ್ಯಾಂಪಲ್‌ಗಳ ರಾಯಲ್ಟಿ ಅವನಿಗೆ ಬರಲಿಲ್ಲ. 2017ರಲ್ಲಿ ಹೋಗಿಬಿಟ್ಟ. ನಮ್ಮ ಕಡೆಯ ಸಂಗೀತವೂ ಹೀಗೆ ಪ್ರಯಾಣ ಮಾಡಿದೆ. ರಾಯರ ಮೇಲೆ ರಜನೀಕಾಂತ್ ಮಾಡಿದ 1985ರ 'ಶ್ರೀ ರಾಘವೇಂದ್ರ' ಸಿನಿಮಾಕ್ಕೆ ಇಳೆಯರಾಜ ಕೊಟ್ಟ ಹಾಡಿನ ತುಣುಕು 2003ರಲ್ಲಿ ಬ್ಲ್ಯಾಕ್ ಐಡ್ ಪೀಸ್ ಆಲ್ಬಮ್ಮಿನಲ್ಲಿ ಬಂತು. ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ಸಿನಿಮಾ ಹಾಡುಗಳ ತುಣುಕುಗಳಿಂದ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಅಂತ ಇಡೀ ಆಲ್ಬಮ್ಮೇ ಮಾಡಿದ. ಅದನ್ನ ಕೇಳಿ ಖುಷಿಪಟ್ಟವನು ನಾನು. ಆದ್ರೆ ಆ ಸ್ಟುಡಿಯೋಗಳಲ್ಲಿ ದಿನಗೂಲಿಗೆ ತಬಲಾ, ಢೋಲಕ್ ಬಾರಿಸಿದವರ ಹೆಸರು ಎಷ್ಟೋ ರೆಕಾರ್ಡಿನ ಕವರ್ ಮೇಲೂ ಇರಲ್ಲ. ಈಗ ನಾನು ಹಳೇ ಕನ್ನಡ ರೆಕಾರ್ಡ್ ಕತ್ತರಿಸುವಾಗ ಬಾರಿಸಿದವರು ಯಾರು ಅಂತ ಹುಡುಕಿ ಬರೆದಿಡ್ತೀನಿ. ಅಷ್ಟಕ್ಕೆ ಲೆಕ್ಕ ಚುಕ್ತಾ ಅಂತ ಹೇಳ್ತಿಲ್ಲ.

ಹೌದು, ನಾನೂ ಮಾಡ್ತೀನಿ. ಹೋದ ವರ್ಷ ಧೈರ್ಯ ಮಾಡಿ ಹತ್ತು ನಿಮಿಷದ ಸ್ಲಾಟ್ ಕೇಳಿದ್ದೆ. ರಾತ್ರಿಯೆಲ್ಲ ಹೆಡ್‌ಫೋನ್ ಹಾಕ್ಕೊಂಡು ಕಟ್ಟಿದ ಬೀಟ್, ಬೇಸ್ ಎರಡೂ ಕಿವಿಗೆ ಅಗಲವಾಗಿ ಹರಡಿಕೊಂಡು ಭರ್ಜರಿಯಾಗಿತ್ತು. ಹಾಲ್‌ನಲ್ಲಿ ಹಾಕಿದ್ರೆ ಬೇಸೇ ಮಾಯ! ಚಿಟಿಕೆ ಹೊಡೆದ ಹಾಗೆ ಬರೀ ಮೇಲಿನ ಸದ್ದು. ಕಾರಣ ಸರಳ. ಇಂಥ ಜಾಗದಲ್ಲಿ ಸಬ್‌ವೂಫರಿಗೆ ಎಡ-ಬಲ ಎರಡನ್ನೂ ಕೂಡಿಸಿ ಮೋನೊ ಮಾಡಿ ಕಳಿಸೋದು ರೂಢಿ. ನನ್ನ ಎಡದ ಅಲೆ ಏರುವಾಗ ಬಲದ್ದು ಇಳೀತಿತ್ತು, ಕೂಡಿಸಿದಾಗ ಸೊನ್ನೆ. ಪ್ಲಸ್ ಒಂದು, ಮೈನಸ್ ಒಂದು. ಎಂಟು ಜನ ಕೌಂಟರ್ ಕಡೆ ನಡೆದ್ರು, ಎಣಿಸಿದ್ದೀನಿ. ಇಳಿದು ಬಂದಾಗ ಪರಿಚಯ ಇಲ್ಲದ ಹುಡುಗಿಯೊಬ್ಬಳು "120 ಹರ್ಟ್ಸ್ ಕೆಳಗೆ ಎಲ್ಲಾ ಮೋನೊ ಮಾಡು" ಅಂತ ಅಷ್ಟೇ ಹೇಳಿ ಹೋದಳು. ಮನೆಯಲ್ಲಿ ಹತ್ತು ಟ್ಯುಟೋರಿಯಲ್ ನೋಡಿದ್ರೂ ತಲೆಗೆ ಹೋಗದ್ದು ಆ ಒಂದು ಸಾಲಲ್ಲಿ ಹೋಯ್ತು.

40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಅದನ್ನ ಹುಟ್ಟಿಸೋಕೆ ಲ್ಯಾಪ್‌ಟಾಪ್ ಸ್ಪೀಕರಿಗೆ ತಾಕತ್ತಿಲ್ಲ. ಡೊಳ್ಳು ಕುಣಿತದ ಹತ್ತಿರ ನಿಂತಾಗ ಎದೆಯೊಳಗೆ ಧಮ್ ಅನ್ನತ್ತಲ್ಲ, ಅದು ಯೂಟ್ಯೂಬಲ್ಲಿ ಬರಲ್ಲ ತಾನೆ? ಹಾಗೇ ಇದೂ. ಅದಕ್ಕೇ ಒಮ್ಮೆ ಖುದ್ದಾಗಿ ಹೋಗಿ ನೋಡಿ ಅಂತೀನಿ. ಸ್ಪೀಕರ್ ಮುಂದೆ ನಿಲ್ಲಬೇಡಿ, ಡಿಜೆ ಕೈ ಕಾಣೋ ಪಕ್ಕದಲ್ಲಿ ನಿಂತ್ಕೊಳ್ಳಿ. ಇಯರ್‌ಪ್ಲಗ್ ಮರೀಬೇಡಿ. ಕಿವಿಗೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಮಿತಿ, ಪ್ರತಿ 3 ಡೆಸಿಬಲ್ ಏರಿದಾಗ ಅದು ಅರ್ಧ ಆಗ್ತಾ ಹೋಗತ್ತೆ. 100ಕ್ಕೆ ಬರೋಷ್ಟರಲ್ಲಿ ಉಳಿಯೋದು ಹದಿನೈದೇ ನಿಮಿಷ.

ನನ್ನ ಗೆಳೆಯ ಮುಂದಿನ ಬುಧವಾರ ತಾನಾಗೇ ಫೋನ್ ಮಾಡಿದ, ಇನ್ನೊಂದು ಜೊತೆ ಇಯರ್‌ಪ್ಲಗ್ ಐತೇನು ಅಂತ.