ಸಂತೋಷ್ ಟ್ರೋಫಿ

ಸಂತೋಷ್ ಟ್ರೋಫಿಯು ಭಾರತದ ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು ಹಾಗೂ ರೈಲ್ವೇಸ್, ಸರ್ವಿಸಸ್‌ನಂತಹ ಸರ್ಕಾರಿ ಸಂಸ್ಥೆಗಳ ತಂಡಗಳ ನಡುವೆ ನಡೆಯುವ ಪುರುಷರ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾಗಿದೆ. ಇದು 1941ರಲ್ಲಿ ಆರಂಭವಾಯಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ (ಎಐಎಫ್‌ಎಫ್) ಇದನ್ನು ನಡೆಸುತ್ತದೆ. ಹಲವು ದಶಕಗಳ ಕಾಲ ದೇಶದ ಅತ್ಯಂತ ಗೌರವಾನ್ವಿತ ಫುಟ್‌ಬಾಲ್ ಸ್ಪರ್ಧೆಗಳಲ್ಲಿ ಒಂದಾಗಿದ್ದ ಈ ಪಂದ್ಯಾವಳಿಯು ರಾಷ್ಟ್ರೀಯ ಮಟ್ಟದ ಕ್ಲಬ್ ಲೀಗ್‌ಗಳು ಬೆಳೆದಂತೆ ತನ್ನ ಪ್ರಾಮುಖ್ಯವನ್ನು ಬಹುಮಟ್ಟಿಗೆ ಕಳೆದುಕೊಂಡಿತು. 2024–25ರ ಆವೃತ್ತಿಯವರೆಗೆ 33 ಬಾರಿ ಗೆದ್ದಿರುವ ಬಂಗಾಳವು ಇದರ ಅತ್ಯಂತ ಯಶಸ್ವಿ ತಂಡವಾಗಿದೆ. ಕರ್ನಾಟಕವು ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಬಾರಿ, ಈಗಿನ ಹೆಸರಿನಲ್ಲಿ ಒಂದು ಬಾರಿ ಪ್ರಶಸ್ತಿ ಪಡೆದಿದೆ.

ಹೆಸರು ಮತ್ತು ಆರಂಭ

ಟ್ರೋಫಿಯ ಹೆಸರಿನಲ್ಲಿರುವ ‘ಸಂತೋಷ್’ ಎಂಬುದು ಒಂದು ಸ್ಥಳದ ಹೆಸರು. ಇಂದಿನ ಬಾಂಗ್ಲಾದೇಶದ ತಂಗೈಲ್ ಪ್ರದೇಶದಲ್ಲಿದ್ದ ಸಂತೋಷ್ ಸಂಸ್ಥಾನದ ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧರಿಯವರು ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್‌ನ (ಐಎಫ್‌ಎ) ಅಧ್ಯಕ್ಷರಾಗಿದ್ದರು. ಹೆಸರು ಇಡೀ ದೇಶವನ್ನು ಸೂಚಿಸಿದರೂ ಐಎಫ್‌ಎ ಬಂಗಾಳದ ಫುಟ್‌ಬಾಲ್ ಆಡಳಿತ ಸಂಸ್ಥೆಯಾಗಿದೆ. ಮಹಾರಾಜರು 1939ರಲ್ಲಿ ನಿಧನರಾದ ಬಳಿಕ ಅವರ ಸ್ಮರಣಾರ್ಥ ಐಎಫ್‌ಎ ಈ ಟ್ರೋಫಿಯನ್ನು ದಾನವಾಗಿ ನೀಡಿತು. ಎರಡನೇ ಸ್ಥಾನ ಪಡೆದ ತಂಡಕ್ಕೆ ಮೀಸಲಾದ ಕಮಲಾ ಗುಪ್ತಾ ಟ್ರೋಫಿಯನ್ನು ಡಾ. ಎಸ್. ಕೆ. ಗುಪ್ತಾ ಅವರು ತಮ್ಮ ಪತ್ನಿಯ ಹೆಸರಿನಲ್ಲಿ ನೀಡಿದರು. ಮೂರನೇ ಸ್ಥಾನದ ಸಂಪಂಗಿ ಕಪ್ ಮೈಸೂರಿನ ಹೆಸರಾಂತ ಆಟಗಾರ ಸಂಪಂಗಿಯವರ ನೆನಪಿನದು. ಅದನ್ನು ರಾಜ್ಯ ಫುಟ್‌ಬಾಲ್ ಸಂಸ್ಥೆಯು ಕೊಡುಗೆಯಾಗಿ ನೀಡಿತು.

1937ರಲ್ಲಿ ಎಐಎಫ್‌ಎಫ್ ಸ್ಥಾಪನೆಯಾಗುವ ಮೊದಲೇ ದೇಶದಲ್ಲಿ ಡ್ಯುರಾಂಡ್ ಕಪ್ (1888), ರೋವರ್ಸ್ ಕಪ್ (1891) ಮತ್ತು ಐಎಫ್‌ಎ ಶೀಲ್ಡ್ (1893) ಎಂಬ ಪಂದ್ಯಾವಳಿಗಳಿದ್ದವು. ಇವು ಕ್ಲಬ್‌ಗಳು ಮತ್ತು ಸೇನಾ ದಳಗಳ ಸ್ಪರ್ಧೆಗಳಾಗಿದ್ದವು. ಪ್ರಾಂತಗಳನ್ನು ಪರಸ್ಪರ ಎದುರು ನಿಲ್ಲಿಸುವ ರಾಷ್ಟ್ರೀಯ ಸ್ಪರ್ಧೆಯ ಕೊರತೆಯನ್ನು ಸಂತೋಷ್ ಟ್ರೋಫಿ ತುಂಬಿತು. 1941–42ರ ಮೊದಲ ಫೈನಲ್‌ನಲ್ಲಿ ಬಂಗಾಳವು ದೆಹಲಿಯನ್ನು 5–1 ಗೋಲುಗಳಿಂದ ಸೋಲಿಸಿತು.

ಉಚ್ಛ್ರಾಯ ಕಾಲ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಂತೋಷ್ ಟ್ರೋಫಿಯು ರಾಷ್ಟ್ರೀಯ ತಂಡದ ಆಯ್ಕೆಗೆ ಮುಖ್ಯ ಕಣವಾಗಿತ್ತು. ಆಗ ರಾಷ್ಟ್ರೀಯ ಲೀಗ್ ಇರಲಿಲ್ಲ. ಕ್ಲಬ್ ಫುಟ್‌ಬಾಲ್ ಕಲ್ಕತ್ತ, ಬೊಂಬಾಯಿ, ಹೈದರಾಬಾದ್, ಬೆಂಗಳೂರು ಮುಂತಾದ ನಗರಗಳ ಸ್ಥಳೀಯ ಲೀಗ್‌ಗಳಲ್ಲಿ ಹಂಚಿಹೋಗಿತ್ತು. ದೇಶದ ಉತ್ತಮ ಆಟಗಾರರು ಒಂದೇ ಊರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ತಮ್ಮ ಪ್ರಾಂತದ ಹೆಸರಿನಲ್ಲಿ ಆಡುವುದನ್ನು ಆಯ್ಕೆದಾರರು ನೋಡಬಹುದಾಗಿದ್ದ ಸಂದರ್ಭ ಇದೇ ಆಗಿತ್ತು. ಭಾರತವು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗೆದ್ದ ಹಾಗೂ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅವಧಿಯೂ ಇದೇ.

ಬಂಗಾಳದ ಪ್ರಾಬಲ್ಯವನ್ನು ಮುರಿಯುವುದು ಇತರ ಪ್ರಾಂತಗಳಿಗೆ ಪ್ರತಿಷ್ಠೆಯ ಪ್ರಶ್ನೆಯಾಗಿತ್ತು. ಹೈದರಾಬಾದ್ 1956–57 ಮತ್ತು 1957–58ರಲ್ಲಿ ಸತತವಾಗಿ ಗೆದ್ದಿತು. ರೈಲ್ವೇಸ್ ತಂಡವು 1960ರ ದಶಕದಲ್ಲಿ ಮೂರು ಬಾರಿ ಪ್ರಶಸ್ತಿ ಪಡೆಯಿತು. 1973–74ರ ಫೈನಲ್‌ನಲ್ಲಿ ಕೇರಳವು ರೈಲ್ವೇಸ್ ತಂಡವನ್ನು 3–2ರಿಂದ ಸೋಲಿಸಿದಾಗ ನಾಯಕ ಟಿ. ಕೆ. ಎಸ್. ಮಣಿಯವರು ಮೂರೂ ಗೋಲುಗಳನ್ನು ಹೊಡೆದರು. ಕೇರಳದ ಆ ಮೊದಲ ಗೆಲುವಿನ ನಂತರ ಅವರು ‘ಕ್ಯಾಪ್ಟನ್ ಮಣಿ’ ಎಂದೇ ಹೆಸರಾದರು. 1974–75ರಲ್ಲಿ ಪಂಜಾಬಿನ ಇಂದರ್ ಸಿಂಗ್ ಒಂದೇ ಆವೃತ್ತಿಯಲ್ಲಿ 23 ಗೋಲುಗಳನ್ನು ಗಳಿಸಿ ದಾಖಲೆ ಮಾಡಿದರು. ಆ ವರ್ಷದ ಫೈನಲ್‌ನಲ್ಲಿ ಬಂಗಾಳವನ್ನು ಸೋಲಿಸಿ ಪಂಜಾಬ್ ಪ್ರಶಸ್ತಿ ಪಡೆಯಿತು.

ಮೈಸೂರು ಮತ್ತು ಕರ್ನಾಟಕ

ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಪ್ರಶಸ್ತಿ ಗೆದ್ದಿತು. ಈ ನಾಲ್ಕೂ ಫೈನಲ್‌ಗಳಲ್ಲಿ ಅದು ಸೋಲಿಸಿದ್ದು ಬಂಗಾಳವನ್ನೇ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೇರೂರಿದ್ದ ಆಟ ಮತ್ತು ನಗರದ ಸಾರ್ವಜನಿಕ ಉದ್ದಿಮೆಗಳ ತಂಡಗಳು ಈ ಸಾಧನೆಗೆ ಬುನಾದಿಯಾಗಿದ್ದವು. 1948ರ ಲಂಡನ್ ಒಲಿಂಪಿಕ್ಸ್‌ಗೆ ತೆರಳಿದ ಭಾರತ ತಂಡದಲ್ಲಿ ಎಸ್. ರಾಮನ್, ಅಹ್ಮದ್ ಖಾನ್ ಸೇರಿದಂತೆ ಬೆಂಗಳೂರಿನ ಹಲವು ಆಟಗಾರರಿದ್ದರು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ರಾಮನ್.

ಆದರೆ ಪ್ರತಿಭೆಯ ವಲಸೆಯೂ ಆಗಲೇ ಆರಂಭವಾಗಿತ್ತು. ಅಹ್ಮದ್ ಖಾನ್ ಮತ್ತು ಧನರಾಜ್ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿ, ಆ ಕ್ಲಬ್ಬಿನ ‘ಪಂಚ ಪಾಂಡವರು’ ಎಂದು ಖ್ಯಾತರಾದ ಐವರು ಮುನ್ಪಡೆ ಆಟಗಾರರಲ್ಲಿ ಸೇರಿದ್ದರು. ದಕ್ಷಿಣದ ಆಟಗಾರರನ್ನು ಕಲ್ಕತ್ತದ ದೊಡ್ಡ ಕ್ಲಬ್‌ಗಳು ಸೆಳೆದುಕೊಳ್ಳುತ್ತಿದ್ದುದರಿಂದ ಬಂಗಾಳ ತಂಡದ ಬಲವೂ ಹೆಚ್ಚಿತು. ಕ್ಲಬ್ಬಿನ ಆಕರ್ಷಣೆ ಹಾಗೂ ರಾಜ್ಯದ ಪ್ರಾತಿನಿಧ್ಯದ ನಡುವಣ ಈ ತಿಕ್ಕಾಟವು ಮುಂದೆ ಪಂದ್ಯಾವಳಿಯ ಸ್ಥಾನವನ್ನೇ ಬದಲಿಸಿತು.

ಪ್ರತಿಷ್ಠೆ ಕುಗ್ಗಲು ಕಾರಣಗಳು

ರಾಷ್ಟ್ರೀಯ ಕ್ಲಬ್ ಸ್ಪರ್ಧೆಗಳ ಉದಯ

ದೇಶದ ಕ್ಲಬ್‌ಗಳಿಗಾಗಿ ಫೆಡರೇಷನ್ ಕಪ್ 1977ರಲ್ಲಿ ಆರಂಭವಾಯಿತು. ಇದರ ಮೊದಲ ವಿಜೇತ ತಂಡ ಬೆಂಗಳೂರಿನ ಐಟಿಐ. ಬಳಿಕ 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್, 2007ರಲ್ಲಿ ಅದರ ಸ್ಥಾನದಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಂದವು. 2022–23ರಿಂದ ಐಎಸ್‌ಎಲ್ ದೇಶದ ಪ್ರಥಮ ಶ್ರೇಣಿಯ ಲೀಗ್ ಆಗಿ, ಐ-ಲೀಗ್ ಎರಡನೇ ಶ್ರೇಣಿಗೆ ಇಳಿಯಿತು. ತಿಂಗಳುಗಟ್ಟಲೆ ನಡೆಯುವ ಲೀಗ್‌ನಲ್ಲಿ ಆಟಗಾರನ ಸಾಮರ್ಥ್ಯವನ್ನು ನಿರಂತರವಾಗಿ ಅಳೆಯಬಹುದಾದ್ದರಿಂದ ರಾಷ್ಟ್ರೀಯ ತಂಡದ ಆಯ್ಕೆಯೂ ಲೀಗ್‌ನತ್ತ ವಾಲಿತು. ಸಂತೋಷ್ ಟ್ರೋಫಿಯಲ್ಲಿ ಮಿಂಚಿದವನು ನೇರವಾಗಿ ಭಾರತ ತಂಡವನ್ನು ಸೇರುವ ಹಾದಿ ಕಿರಿದಾಯಿತು.

ಆಟಗಾರರ ಅಲಭ್ಯತೆ

ಒಪ್ಪಂದದ ಮೇಲೆ ಸಂಬಳ ನೀಡುವ ಕ್ಲಬ್‌ಗಳು ಋತುವಿನ ನಡುವೆ ತಮ್ಮ ಆಟಗಾರರನ್ನು ರಾಜ್ಯ ತಂಡಗಳಿಗೆ ಬಿಟ್ಟುಕೊಡಲು ಹಿಂಜರಿಯುತ್ತವೆ. ಆಟಗಾರ ಗಾಯಗೊಂಡರೆ ನಷ್ಟ ಕ್ಲಬ್ಬಿನದು. ರಾಷ್ಟ್ರೀಯ ತಂಡದ ಪಂದ್ಯಗಳಿಗೆ ಆಟಗಾರರನ್ನು ಬಿಡುಗಡೆ ಮಾಡುವಂತೆ ಫಿಫಾ ನಿಯಮಗಳು ಕ್ಲಬ್‌ಗಳನ್ನು ನಿರ್ಬಂಧಿಸುತ್ತವೆ. ರಾಜ್ಯ ತಂಡಗಳಿಗೆ ಆ ರಕ್ಷಣೆ ಇಲ್ಲ. ಹೀಗಾಗಿ ರಾಜ್ಯ ತಂಡಗಳಲ್ಲಿ ಈಗ ಹೆಚ್ಚಾಗಿ ಕೆಳ ಶ್ರೇಣಿಯ ಮತ್ತು ಜಿಲ್ಲಾ ಲೀಗ್‌ಗಳ ಆಟಗಾರರು, ವಿಶ್ವವಿದ್ಯಾಲಯ ಹಾಗೂ ಇಲಾಖಾ ತಂಡಗಳವರು ಕಾಣಿಸಿಕೊಳ್ಳುತ್ತಾರೆ.

ಸರ್ವಿಸಸ್ ತಂಡದ ದಾಖಲೆಯು ಈ ಬದಲಾವಣೆಯನ್ನು ಪ್ರತಿಬಿಂಬಿಸುತ್ತದೆ. 1960–61ರಲ್ಲಿ ಮೊದಲ ಪ್ರಶಸ್ತಿ ಗೆದ್ದ ಅದು ಎರಡನೆಯದಕ್ಕಾಗಿ ಅರ್ಧ ಶತಮಾನ ಕಾಯಬೇಕಾಯಿತು. ಆದರೆ 2011–12ರಿಂದ 2023–24ರ ನಡುವೆ ಅದು ಆರು ಬಾರಿ ಗೆದ್ದಿತು. ಸೇನಾ ಸೇವೆಯಲ್ಲಿರುವ ಆಟಗಾರರು ಕ್ಲಬ್ ಒಪ್ಪಂದಗಳ ಸೆಳೆತದಿಂದ ಬಹುಮಟ್ಟಿಗೆ ಹೊರಗಿರುವುದರಿಂದ, ಇತರ ತಂಡಗಳು ತಮ್ಮ ಉತ್ತಮ ಆಟಗಾರರನ್ನು ಕಳೆದುಕೊಂಡಾಗಲೂ ಸರ್ವಿಸಸ್ ತಂಡವು ತನ್ನ ಬಲವನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು.

ಸಂಸ್ಥೆಗಳ ತಂಡಗಳ ಅವನತಿ

ಬ್ಯಾಂಕ್, ಪೊಲೀಸ್, ಗಿರಣಿ ಮತ್ತು ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕಾಯಂ ಉದ್ಯೋಗ ನೀಡಿ ತಂಡ ಕಟ್ಟುತ್ತಿದ್ದ ಕಾಲದಲ್ಲಿ ಸಂತೋಷ್ ಟ್ರೋಫಿಯು ಆ ಉದ್ಯೋಗಕ್ಕೆ ಹೆಬ್ಬಾಗಿಲಾಗಿತ್ತು. ರಾಜ್ಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರಕ್ಕೆ ಕ್ರೀಡಾ ಮೀಸಲಾತಿಯಡಿ ಬೆಲೆಯಿತ್ತು. ಇಂತಹ ತಂಡಗಳು ಕ್ರಮೇಣ ಕಡಿಮೆಯಾದವು. ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ, ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ ತಂಡವನ್ನು ವಿಸರ್ಜಿಸಿದವು. ಬೆಂಗಳೂರಿನಲ್ಲಿಯೂ ಐಟಿಐ, ಎಚ್‌ಎಎಲ್ ತಂಡಗಳು ರಾಷ್ಟ್ರೀಯ ಕಣದಿಂದ ಮರೆಯಾದವು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು ನಗರದ ಪ್ರೇಕ್ಷಕರನ್ನು ತನ್ನತ್ತ ಸೆಳೆಯಿತು. ಅಭಿಮಾನವು ರಾಜ್ಯ ತಂಡದಿಂದ ಕ್ಲಬ್‌ಗೆ ಸ್ಥಳಾಂತರಗೊಂಡುದಕ್ಕೆ ಇದು ಉದಾಹರಣೆಯಾಗಿದೆ.

ಮುಂದಿನ ಹಂತವಿಲ್ಲದ ಗೆಲುವು

ಲೀಗ್ ಗೆದ್ದ ಕ್ಲಬ್‌ಗೆ ಏಷ್ಯಾದ ಸ್ಪರ್ಧೆಗಳಲ್ಲಿ ಆಡುವ ಅವಕಾಶ ದೊರೆಯಬಹುದು. ಆ ಸ್ಪರ್ಧೆಗಳು ಕ್ಲಬ್‌ಗಳಿಗೆ ಮೀಸಲಾದ್ದರಿಂದ ರಾಜ್ಯ ತಂಡಕ್ಕೆ ಅಂತಹ ಮುಂದಿನ ಹಂತವಿಲ್ಲ. ಡ್ಯುರಾಂಡ್ ಕಪ್‌ನೊಂದಿಗಿನ ಹೋಲಿಕೆ ಇಲ್ಲಿ ಗಮನಾರ್ಹ. ಆ ಪಂದ್ಯಾವಳಿಯೂ ಒಂದು ಹಂತದಲ್ಲಿ ಸೊರಗಿತ್ತು. ಆದರೆ ಅದು ಕ್ಲಬ್ ಸ್ಪರ್ಧೆಯಾದ್ದರಿಂದ ಐಎಸ್‌ಎಲ್ ಕ್ಲಬ್‌ಗಳನ್ನು ಒಳಗೊಂಡು ಋತುವಿನ ಆರಂಭದ ಪಂದ್ಯಾವಳಿಯಾಗಿ ಚೇತರಿಸಿಕೊಂಡಿತು. ಸಂತೋಷ್ ಟ್ರೋಫಿಗೆ ಆ ಮಾರ್ಗ ತೆರೆದಿಲ್ಲ. ರಾಜ್ಯಗಳ ನಡುವಿನ ಸ್ಪರ್ಧೆ ಎಂಬುದೇ ಅದರ ಸ್ವರೂಪವಾಗಿದೆ.

ಪುನಶ್ಚೇತನದ ಯತ್ನಗಳು

2022–23ರ ಆವೃತ್ತಿಯಲ್ಲಿ ಎಐಎಫ್‌ಎಫ್ ಸೌದಿ ಅರೇಬಿಯಾದ ಫುಟ್‌ಬಾಲ್ ಒಕ್ಕೂಟದೊಂದಿಗೆ ಒಪ್ಪಂದ ಮಾಡಿಕೊಂಡು ಸೆಮಿಫೈನಲ್, ಮೂರನೇ ಸ್ಥಾನದ ಪಂದ್ಯ ಹಾಗೂ ಫೈನಲ್‌ಗಳನ್ನು ರಿಯಾದ್‌ನಲ್ಲಿ ನಡೆಸಿತು. ಅದಕ್ಕೂ ಮುಂಚಿನ ಸುತ್ತು ಭುವನೇಶ್ವರದಲ್ಲಿ ನಡೆದಿತ್ತು. 2023ರ ಮಾರ್ಚ್ 4ರಂದು ಕಿಂಗ್ ಫಹದ್ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿತು. ಎಂ. ಸುನಿಲ್ ಕುಮಾರ್, ಬೇಕೆ ಓರಂ ಮತ್ತು ರಾಬಿನ್ ಯಾದವ್ ಗೋಲು ಗಳಿಸಿದರು. 54 ವರ್ಷಗಳ ನಂತರ ರಾಜ್ಯಕ್ಕೆ ಪ್ರಶಸ್ತಿ ಮರಳಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಇದು ಮೊದಲನೆಯದು. ಹಿಂದಿನ ವರ್ಷದ ಸೆಮಿಫೈನಲ್‌ನಲ್ಲಿ ಇದೇ ರಾಜ್ಯ ಕೇರಳಕ್ಕೆ 3–7ರಿಂದ ಸೋತಿತ್ತು.

ಪಂದ್ಯಾವಳಿಯನ್ನು ವಿದೇಶಕ್ಕೆ ಒಯ್ಯುವುದರಿಂದ ಆಟಗಾರರಿಗೆ ದೊಡ್ಡ ಕ್ರೀಡಾಂಗಣದ ಅನುಭವ ದೊರೆಯಿತು. ಆದರೆ ಗೆದ್ದ ರಾಜ್ಯಗಳ ಪ್ರೇಕ್ಷಕರು ತಮ್ಮ ತಂಡವನ್ನು ಕಣ್ಣಾರೆ ನೋಡುವುದು ಕಷ್ಟವಾಯಿತು. ಮುಂದಿನ ವರ್ಷ ಅಂತಿಮ ಸುತ್ತು ಭಾರತಕ್ಕೆ ಮರಳಿ ಅರುಣಾಚಲ ಪ್ರದೇಶದ ಯುಪಿಯಾದಲ್ಲಿ ನಡೆಯಿತು. ಅಲ್ಲಿ ಸರ್ವಿಸಸ್ ತಂಡವು ಗೋವಾವನ್ನು 1–0ರಿಂದ ಮಣಿಸಿತು.

ಇಂದಿನ ಸ್ಥಾನ

ಪ್ರತಿಷ್ಠೆಯ ಕುಸಿತವು ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲ. 2022ರ ಮೇ 2ರಂದು ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ನಡೆದ ಫೈನಲ್‌ಗೆ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಕೇರಳವು ಬಂಗಾಳವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿತು. ಈಶಾನ್ಯ ರಾಜ್ಯಗಳಿಗೂ ಈ ಪಂದ್ಯಾವಳಿ ಹೆಮ್ಮೆಯ ಸಂಗತಿಯಾಗಿದೆ. ಮಣಿಪುರ 2002–03ರಲ್ಲಿ, ಮಿಜೋರಂ 2013–14ರಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಪಡೆದವು. ಐಎಸ್‌ಎಲ್ ಕ್ಲಬ್ ಇಲ್ಲದ ರಾಜ್ಯಗಳ ಆಟಗಾರರಿಗೆ ರಾಷ್ಟ್ರೀಯ ಮಟ್ಟದಲ್ಲಿ ಕಾಣಿಸಿಕೊಳ್ಳಲು ಇರುವ ಕೆಲವೇ ವೇದಿಕೆಗಳಲ್ಲಿ ಇದೂ ಒಂದು.

ಆಟಗಾರರ ಬದುಕಿನಲ್ಲಿ ಇದರ ಮಹತ್ವ ಇನ್ನೂ ಉಳಿದಿದೆ. 2022ರ ಸೆಮಿಫೈನಲ್‌ನಲ್ಲಿ ಬದಲಿ ಆಟಗಾರನಾಗಿ ಬಂದು ಕರ್ನಾಟಕದ ವಿರುದ್ಧ ಐದು ಗೋಲು ಹೊಡೆದ ಕೇರಳದ ಟಿ. ಕೆ. ಜೆಸಿನ್ ಅವರನ್ನು ಬಳಿಕ ಈಸ್ಟ್ ಬೆಂಗಾಲ್ ಸೇರಿಸಿಕೊಂಡಿತು. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ನಡೆದ ಫೈನಲ್‌ನ ಹೆಚ್ಚುವರಿ ನಿಮಿಷಗಳಲ್ಲಿ ರಾಬಿ ಹಾಂಸ್ದಾ ಹೊಡೆದ ಏಕೈಕ ಗೋಲಿನಿಂದ ಬಂಗಾಳವು ಕೇರಳವನ್ನು ಸೋಲಿಸಿ 33ನೇ ಪ್ರಶಸ್ತಿ ಪಡೆಯಿತು. ಆ ಆವೃತ್ತಿಯಲ್ಲಿ ಅವರ ಗೋಲುಗಳ ಸಂಖ್ಯೆ 12. ಗೆದ್ದ ತಂಡದ ಆಟಗಾರರಿಗೆ ಪಶ್ಚಿಮ ಬಂಗಾಳ ಸರ್ಕಾರವು ಉದ್ಯೋಗ ಘೋಷಿಸಿತು. 2018ರಲ್ಲಿ ಗೆದ್ದ ಕೇರಳ ತಂಡದ ನಿರುದ್ಯೋಗಿ ಆಟಗಾರರಿಗೂ ಅಲ್ಲಿನ ಸರ್ಕಾರ ಕೆಲಸ ನೀಡಿತ್ತು.

ಒಂದು ಕಾಲದಲ್ಲಿ ದೇಶದ ಅತ್ಯುತ್ತಮ ಆಟಗಾರರು ಯಾರೆಂಬುದನ್ನು ತೋರಿಸಿಕೊಡುತ್ತಿದ್ದ ಸಂತೋಷ್ ಟ್ರೋಫಿಯು ಈಗ ಮುಖ್ಯವಾಗಿ ಉನ್ನತ ಲೀಗ್‌ಗಳ ಕಣ್ಣಿಗೆ ಬೀಳದ ಆಟಗಾರರ ಸ್ಪರ್ಧೆಯಾಗಿದೆ. ಅಂತಹ ಆಟಗಾರರಿಗೆ ಇಲ್ಲಿನ ಒಂದು ಗೆಲುವು ಕ್ಲಬ್ ಒಪ್ಪಂದವನ್ನೋ ಸರ್ಕಾರಿ ನೌಕರಿಯನ್ನೋ ತಂದುಕೊಡಬಲ್ಲದು.